ಕೊಲೆಗಳು ಹೆಚ್ಚಿದಾಗ ಬೋಸ್ಟನ್ ನಗರದ ಜನ ಮಾಡಿದ್ದೇನು?



ನಗರವೊಂದರಲ್ಲಿ ಕೊಲೆ, ಸುಲಿಗೆಗಳು ಹೆಚ್ಚಾದಾಗ ಅಲ್ಲಿನ ಜನ ಏನು ಮಾಡುತ್ತಾರೆ? ಬಾಗಿಲಿಗೆ ಇನ್ನೊಂದು ಬೀಗ ಹಾಕುತ್ತಾರೆ. ಸಂಜೆಯಾಗುವ ಮೊದಲೇ ಮಕ್ಕಳನ್ನು ಒಳಗೆ ಕರೆಯುತ್ತಾರೆ. ಅನುಕೂಲವಿದ್ದವರು ಆ ಭಾಗ ಬಿಟ್ಟು ಹೋಗುತ್ತಾರೆ. ಪೊಲೀಸರಿಗೆ ಇನ್ನಷ್ಟು ಅಧಿಕಾರ ಕೊಡಿ, ಮರಣದಂಡನೆ ತನ್ನಿ ಎಂದು ಒತ್ತಾಯಿಸುತ್ತಾರೆ. ಅಮೆರಿಕದ ಬೋಸ್ಟನ್ ನಗರದಲ್ಲಿ 1980ರ ದಶಕದ ಕೊನೆಯಲ್ಲಿ ಇದೆಲ್ಲವೂ ನಡೆಯಿತು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ನಡೆದದ್ದರಲ್ಲಿ ಚರ್ಚುಗಳಿಗೂ ದೊಡ್ಡ ಪಾಲಿರುವುದರಿಂದ, ನಮ್ಮ ಧರ್ಮಕೇಂದ್ರಗಳಲ್ಲಿ ದುಡಿಯುವವರಿಗೆ ತಿಳಿದಿರಲಿ ಎಂಬ ಉದ್ದೇಶದಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಬೋಸ್ಟನ್ ಆಗ ಆರು ಲಕ್ಷಕ್ಕಿಂತಲೂ ಕಡಿಮೆ ಜನಸಂಖ್ಯೆಯ ನಗರ. 1990ರಲ್ಲಿ ಅಲ್ಲಿ ನಡೆದ ಕೊಲೆಗಳು 152. ನಗರದ ಇತಿಹಾಸದಲ್ಲೇ ಅದು ಅತಿ ಹೆಚ್ಚು. ಸತ್ತವರ ವಯಸ್ಸು ನೋಡಿದರೆ ಚಿತ್ರ ಇನ್ನೂ ಕಠೋರ. 24 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ 22 ಮಂದಿ 1987ರಲ್ಲಿ ಕೊಲೆಯಾಗಿದ್ದರೆ, 1990ರಲ್ಲಿ 73 ಮಂದಿ. ಕ್ರ್ಯಾಕ್ ಎಂಬ ಅಗ್ಗದ ಕೊಕೇನ್ ಬೀದಿಗೆ ಬಂದಿತ್ತು, ಅದರ ಹಿಂದೆಯೇ ಹುಡುಗರ ಕೈಗೆ ಪಿಸ್ತೂಲುಗಳು ಬಂದವು. ರಾಕ್ಸ್‌ಬರಿ, ಡಾರ್ಚೆಸ್ಟರ್, ಮ್ಯಾಟಪ್ಯಾನ್ ಎಂಬ ಮೂರು ಭಾಗಗಳಲ್ಲೇ ಹೆಚ್ಚಿನ ಸಾವು. ಅಲ್ಲಿ ವಾಸಿಸುವವರಲ್ಲಿ ಬಹುಪಾಲು ಕಪ್ಪು ಜನಾಂಗದವರು, ಬಡವರು.

1988ರ ಆಗಸ್ಟ್‌ನಲ್ಲಿ ರಾಕ್ಸ್‌ಬರಿಯ ಬೀದಿಯೊಂದರಲ್ಲಿ ಅಂಚೆ ಪೆಟ್ಟಿಗೆಯ ಮೇಲೆ ಕುಳಿತಿದ್ದ 12 ವರ್ಷದ ಬಾಲಕಿಯೊಬ್ಬಳು ಯಾರಿಗೋ ಗುರಿಯಿಟ್ಟ ಗುಂಡಿಗೆ ಬಲಿಯಾದಳು. ನಗರ ತಲ್ಲಣಿಸಿತು. ಅಪರಾಧಿಯನ್ನು ಹಿಡಿಯಿರಿ ಎಂಬ ಕೂಗು ಎಷ್ಟಿತ್ತೆಂದರೆ, ಕೆಲವೇ ದಿನಗಳಲ್ಲಿ ಒಬ್ಬ ಯುವಕನ ಬಂಧನವಾಯಿತು, ಮರುವರ್ಷ ಜೀವಾವಧಿ ಶಿಕ್ಷೆಯೂ ಆಯಿತು. ಹದಿನಾಲ್ಕು ವರ್ಷ ಸೆರೆಮನೆಯಲ್ಲಿ ಕಳೆದ ಮೇಲೆ, 2003ರಲ್ಲಿ, ಆ ಶಿಕ್ಷೆ ರದ್ದಾಗಿ ಅವನು ಹೊರಬಂದ. ಅಷ್ಟರಲ್ಲಿ ಅವನ ಯೌವನವೇ ಮುಗಿದಿತ್ತು. ಬಾಲಕಿಯ ತಾಯಿಗೂ ನ್ಯಾಯ ಸಿಗಲಿಲ್ಲ.

ಇದಕ್ಕಿಂತ ಹೆಚ್ಚು ಸುದ್ದಿಯಾದದ್ದು 1989ರ ಅಕ್ಟೋಬರ್ 23ರ ಘಟನೆ. ಚಾರ್ಲ್ಸ್ ಸ್ಟುವರ್ಟ್ ಎಂಬ ಬಿಳಿಯ ವ್ಯಕ್ತಿ ತುಂಬು ಗರ್ಭಿಣಿ ಪತ್ನಿಯೊಂದಿಗೆ ಆಸ್ಪತ್ರೆಯ ಹೆರಿಗೆ ತರಬೇತಿ ಮುಗಿಸಿ ಕಾರಿನಲ್ಲಿ ಹೊರಟಿದ್ದ. ಸ್ವಲ್ಪ ಹೊತ್ತಿನಲ್ಲಿ ಕಾರಿನಲ್ಲಿದ್ದ ಫೋನಿನಿಂದ ಪೊಲೀಸರಿಗೆ ಕರೆ ಮಾಡಿ, ಕಪ್ಪು ಜನಾಂಗದವನೊಬ್ಬ ಕಾರಿಗೆ ನುಗ್ಗಿ ತಮ್ಮಿಬ್ಬರಿಗೂ ಗುಂಡು ಹೊಡೆದನೆಂದು ಹೇಳಿದ. ಪತ್ನಿ ತೀರಿಕೊಂಡಳು. ಶಸ್ತ್ರಚಿಕಿತ್ಸೆ ಮಾಡಿ ಹೊರತೆಗೆದ ಮಗು 17 ದಿನ ಬದುಕಿತ್ತು. ಅಂದಿನ ಮೇಯರ್ ರೇಮಂಡ್ ಫ್ಲಿನ್ (ಇವರು ಮುಂದೆ ವ್ಯಾಟಿಕನ್‌ಗೆ ಅಮೆರಿಕದ ರಾಯಭಾರಿಯಾದರು) ಲಭ್ಯವಿರುವ ಪತ್ತೇದಾರರನ್ನೆಲ್ಲ ಆ ತನಿಖೆಗೆ ಹಚ್ಚಿದರು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1984ರಿಂದ ಮರಣದಂಡನೆ ಇರಲಿಲ್ಲ. ಅದನ್ನು ಮತ್ತೆ ತರಬೇಕೆಂದು ರಾಜಕಾರಣಿಗಳು ಬಹಿರಂಗವಾಗಿ ಒತ್ತಾಯಿಸಿದರು.

ಘಟನೆ ನಡೆದ ಮಿಷನ್ ಹಿಲ್ ಎಂಬ ಬಡಾವಣೆಯ ಹೆಸರು ನಮ್ಮವರಿಗೆ ಆಸಕ್ತಿ ಹುಟ್ಟಿಸಬಹುದು. ಅಲ್ಲಿರುವ ನಿತ್ಯಾಧಾರ ಮಾತೆಯ ಬೆಸಿಲಿಕಾವನ್ನು ಜನ ಮಿಷನ್ ಚರ್ಚ್ ಎಂದು ಕರೆಯುತ್ತಾರೆ. ರಿಡೆಂಪ್ಟೊರಿಸ್ಟ್ ಧರ್ಮಗುರುಗಳು ಕಟ್ಟಿದ ಆ ದೇವಾಲಯದಿಂದಲೇ ಗುಡ್ಡಕ್ಕೆ ಆ ಹೆಸರು ಬಂತು. ಆ ಗುಡ್ಡದ ಬೀದಿಗಳಲ್ಲಿ ವಾರಗಟ್ಟಲೆ ಪೊಲೀಸರು ಕಪ್ಪು ಜನಾಂಗದ ಯುವಕರನ್ನು ಕಂಡಕಂಡಲ್ಲಿ ನಿಲ್ಲಿಸಿ, ನಡುಬೀದಿಯಲ್ಲೇ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದರು. ಡಿಸೆಂಬರ್ ಕೊನೆಯಲ್ಲಿ ಸಾಲಾಗಿ ನಿಲ್ಲಿಸಿದವರಲ್ಲಿ ಒಬ್ಬನನ್ನು ಸ್ಟುವರ್ಟ್ ಗುರುತಿಸಿಯೂ ಬಿಟ್ಟ. ವಾರದೊಳಗೆ ಅವನ ಸ್ವಂತ ತಮ್ಮನೇ ಪೊಲೀಸರಲ್ಲಿಗೆ ಹೋಗಿ ಸತ್ಯ ಹೇಳಿದ: ಕೊಲೆಯ ಸಂಚು ಅಣ್ಣನದೇ. 1990ರ ಜನವರಿ 4ರಂದು ಸ್ಟುವರ್ಟ್ ಟೋಬಿನ್ ಸೇತುವೆಯಿಂದ ಹಾರಿ ಪ್ರಾಣ ಕಳೆದುಕೊಂಡ. ಆರೋಪ ಹೊತ್ತವರ ಕುಟುಂಬಗಳಿಗೆ ನಗರದ ಪರವಾಗಿ ಮೇಯರ್ ಮಿಶೆಲ್ ವೂ ಕ್ಷಮೆ ಕೋರಿದ್ದು 2023ರ ಡಿಸೆಂಬರ್‌ನಲ್ಲಿ, ಅಂದರೆ 34 ವರ್ಷಗಳ ಬಳಿಕ.

ಆ ಕಥೆಯನ್ನು ನಗರ ಅಷ್ಟು ಸುಲಭವಾಗಿ ನಂಬಿದ್ದೇಕೆ? ಜನರ ಮನಸ್ಸಿನಲ್ಲಿ ಅಪರಾಧಿಯ ಮುಖ ಮೊದಲೇ ಸಿದ್ಧವಾಗಿತ್ತು, ಸ್ಟುವರ್ಟ್ ಅದನ್ನು ತೋರಿಸಿದ ಅಷ್ಟೇ. ಇದರ ಇನ್ನೊಂದು ಪರಿಣಾಮವೂ ಉಂಟು. ಆ ಬಡಾವಣೆಗಳಲ್ಲಿ ನಿಜವಾದ ಕೊಲೆಗಳು ನಡೆದಾಗ ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ. ತನ್ನ ಮಗನ ಬಟ್ಟೆ ಬಿಚ್ಚಿಸಿದ ಪೊಲೀಸನಲ್ಲಿ ಯಾವ ತಾಯಿ ನಂಬಿಕೆಯಿಡುತ್ತಾಳೆ?

ಚರ್ಚುಗಳ ಬಾಗಿಲು ರಾತ್ರಿ ಮುಚ್ಚಿತ್ತು

ಈ ಬಡಾವಣೆಗಳಲ್ಲಿ ಚರ್ಚುಗಳಿಗೇನೂ ಕೊರತೆಯಿರಲಿಲ್ಲ. ಆದರೆ ಅನೇಕ ಚರ್ಚುಗಳ ಸದಸ್ಯರು ಬೇರೆ ಕಡೆ ಮನೆ ಮಾಡಿ, ಭಾನುವಾರ ಕಾರಿನಲ್ಲಿ ಬಂದು ಆರಾಧನೆ ಮುಗಿಸಿ ಹೋಗುವವರು. ಡಾರ್ಚೆಸ್ಟರ್‌ನಲ್ಲೇ ಮನೆ ಮಾಡಿಕೊಂಡಿದ್ದ ಪಾಸ್ಟರ್ ಯೂಜೀನ್ ರಿವರ್ಸ್ ಅವರಿಗೆ ಅಲ್ಲಿನ ಮಾದಕ ವಸ್ತುಗಳ ವ್ಯಾಪಾರಿಯೊಬ್ಬ ಹೇಳಿದ ಮಾತನ್ನು ಅವರು ಮುಂದೆ ಅನೇಕ ಕಡೆ ನೆನಪಿಸಿಕೊಂಡಿದ್ದಾರೆ. ಅದರ ಸಾರಾಂಶ ಹೀಗಿದೆ: ಹುಡುಗ ಬೆಳಿಗ್ಗೆ ಶಾಲೆಗೆ ಹೋಗುವಾಗ ಬೀದಿಯಲ್ಲಿ ನಾನಿರುತ್ತೇನೆ, ನೀವಿರುವುದಿಲ್ಲ. ಅವನು ಅಂಗಡಿಗೆ ಬಂದಾಗಲೂ ನಾನಿರುತ್ತೇನೆ, ನೀವಿರುವುದಿಲ್ಲ. ಆದ್ದರಿಂದ ಗೆಲ್ಲುವುದು ನಾನು. ಧರ್ಮಗುರುಗಳಾದ ನಮಗೆ ಈ ಮಾತು ಓದಲು ಹಿತವಾಗಿಲ್ಲ. ರಿವರ್ಸ್ ಅವರಿಗೂ ಹಿತವಾಗಿರಲಿಕ್ಕಿಲ್ಲ. ಅವರ ಮನೆಗೇ ಗುಂಡುಗಳು ಬಿದ್ದವು, ಆದರೂ ಅವರು ಮನೆ ಬದಲಿಸಲಿಲ್ಲ.

ಉಳಿದವರನ್ನು ಎಬ್ಬಿಸಿದ್ದು 1992ರ ಮೇ ತಿಂಗಳ ಘಟನೆ. ಮ್ಯಾಟಪ್ಯಾನ್‌ನ ಮಾರ್ನಿಂಗ್ ಸ್ಟಾರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಗುಂಡಿಗೆ ಬಲಿಯಾದ ಯುವಕನೊಬ್ಬನ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆಯುತ್ತಿತ್ತು. ಗ್ಯಾಂಗಿನ ಹುಡುಗರು ಒಳನುಗ್ಗಿ, ನೆರೆದಿದ್ದವರ ಕಣ್ಣೆದುರೇ ಇನ್ನೊಬ್ಬ ಯುವಕನಿಗೆ ಚೂರಿಯಿಂದ ಇರಿದರು. ಪಾಸ್ಟರುಗಳು ಬೀದಿಗೆ ಹೋಗದಿದ್ದಾಗ ಬೀದಿಯೇ ದೇವಾಲಯದೊಳಗೆ ಬಂದಿತ್ತು.

ಘಟನೆಯ ಬಳಿಕ ಕರೆದ ಸಭೆಗೆ ಬಹಳ ಜನ ಬಂದರು. ಸಭೆಗೆ ಜನ ಬರುವುದು ಎಲ್ಲ ಕಡೆಯೂ ಇದ್ದದ್ದೇ. ರಾತ್ರಿ ಬೀದಿಗೆ ಇಳಿಯೋಣ ಎಂದಾಗ ಉಳಿದುಕೊಂಡವರು ಸಣ್ಣ ಗುಂಪು. ರಿವರ್ಸ್, ವೈದ್ಯರೂ ಪಾಸ್ಟರೂ ಆಗಿದ್ದ ರೇ ಹ್ಯಾಮಂಡ್, ಬ್ಯಾಪ್ಟಿಸ್ಟ್ ಪಾಸ್ಟರ್ ಜೆಫ್ರಿ ಬ್ರೌನ್ ಅವರಲ್ಲಿ ಮುಖ್ಯರು. ಹತ್ತು ಅಂಶಗಳ ಕಾರ್ಯಕ್ರಮವನ್ನು ಹಾಕಿಕೊಂಡದ್ದರಿಂದ ಅವರ ಒಕ್ಕೂಟಕ್ಕೆ ಟೆನ್ ಪಾಯಿಂಟ್ ಕೊಯಲಿಷನ್ ಎಂಬ ಹೆಸರಾಯಿತು. ಬೋಸ್ಟನ್ ಕಥೋಲಿಕರು ತುಂಬಿರುವ ನಗರ, ಆದರೂ ಈ ಕೆಲಸದ ಮುಂದಾಳುಗಳು ಪ್ರೊಟೆಸ್ಟಂಟ್ ಪಾಸ್ಟರುಗಳು ಎಂಬುದನ್ನು ಮರೆಮಾಚದೆ ಹೇಳಬೇಕು.

ಶುಕ್ರವಾರ ರಾತ್ರಿ ಹತ್ತರ ಬಳಿಕ ಅವರು ನಾಲ್ಕಾರು ಜನರಾಗಿ ನಡೆಯತೊಡಗಿದರು. ಮೊದಮೊದಲು ಹುಡುಗರು ಮಾತನಾಡಲೇ ಇಲ್ಲ. ಇವರು ಮುಂದಿನ ವಾರವೂ ಬರುತ್ತಾರೋ, ಕ್ಯಾಮೆರಾದವರನ್ನು ಕರೆತರುತ್ತಾರೋ ಎಂದು ದೂರದಿಂದ ನೋಡಿದರು. ಪಾಸ್ಟರುಗಳು ಪ್ರಸಂಗ ಮಾಡಲಿಲ್ಲ. ಬ್ರೌನ್ ಅವರೇ ಹೇಳಿರುವಂತೆ, ತಾವು ಕಲಿಸಲು ಹೋದವರು ಕಲಿಯುವವರಾದರು. ಹುಡುಗರು ಮನುಷ್ಯತ್ವವಿಲ್ಲದ ಕಟುಕರು ಎಂದುಕೊಂಡಿದ್ದ ಅವರಿಗೆ, ಹೆಚ್ಚಿನವರು ಹೆದರಿಕೆಯಿಂದಲೇ ಪಿಸ್ತೂಲು ಇಟ್ಟುಕೊಂಡವರು ಎಂದು ತಿಳಿದುಬಂತು.

ಕೊಲ್ಲುವವರು ಎಷ್ಟು ಮಂದಿ?

ಇದೇ ಹೊತ್ತಿಗೆ ಪೊಲೀಸ್ ಇಲಾಖೆಯೂ ಬದಲಾಗುತ್ತಿತ್ತು. ಜೈಲಿನ ಬದಲು ಷರತ್ತಿನ ಮೇಲೆ ಹೊರಗಿರುವವರ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿಗಳು 1992ರಿಂದ ಪೊಲೀಸರ ಜೊತೆ ರಾತ್ರಿ ಮನೆಮನೆಗೆ ಹೋಗಿ, ಹುಡುಗ ಮನೆಯಲ್ಲಿದ್ದಾನೋ ಎಂದು ನೋಡತೊಡಗಿದರು. ಅನೇಕ ತಾಯಂದಿರು ಇದನ್ನು ಸ್ವಾಗತಿಸಿದರಂತೆ.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡೇವಿಡ್ ಕೆನಡಿ, ಆಂಟನಿ ಬ್ರಾಗ ಮತ್ತು ಆ್ಯನ್ ಪೀಲ್ ಎಂಬ ಸಂಶೋಧಕರು ಪೊಲೀಸರು, ಪ್ರೊಬೇಷನ್ ಅಧಿಕಾರಿಗಳು ಮತ್ತು ಬೀದಿಯಲ್ಲಿ ಹುಡುಗರೊಂದಿಗೆ ಕೆಲಸ ಮಾಡುವ ನಗರಾಡಳಿತದ ಕಾರ್ಯಕರ್ತರನ್ನು ಒಟ್ಟಿಗೆ ಕೂರಿಸಿ, ಯಾವ ಗ್ಯಾಂಗಿನಲ್ಲಿ ಎಷ್ಟು ಮಂದಿ, ಯಾರಿಗೆ ಯಾರ ಮೇಲೆ ಹಗೆ ಎಂಬ ಲೆಕ್ಕ ತೆಗೆದರು. ಸಿಕ್ಕಿದ್ದು 61 ಗ್ಯಾಂಗುಗಳು, ಹೆಚ್ಚೆಂದರೆ 1,300 ಸದಸ್ಯರು. ನಗರದ ಆ ವಯಸ್ಸಿನವರಲ್ಲಿ ಇದು ಶೇಕಡಾ 1ಕ್ಕೂ ಕಡಿಮೆ. ಆದರೆ ಯುವಜನರ ಕೊಲೆಗಳಲ್ಲಿ ಕನಿಷ್ಠ ಶೇಕಡಾ 60ಕ್ಕೆ ಇವರೇ ಕಾರಣ. ಹೆಚ್ಚಿನ ಕೊಲೆಗಳು ವ್ಯಾಪಾರಕ್ಕಾಗಿಯೂ ಅಲ್ಲ, ಹಳೆಯ ಅವಮಾನ ಮತ್ತು ಸೇಡಿಗಾಗಿ. ಕೊಂದವರಲ್ಲೂ ಸತ್ತವರಲ್ಲೂ ಸುಮಾರು ಮುಕ್ಕಾಲು ಪಾಲು ಜನ ಮೊದಲೇ ಕೋರ್ಟು ಕಂಡವರು. ಅಂದರೆ ಈ ವಾರ ಕೊಂದವನು ಮುಂದಿನ ತಿಂಗಳು ಸಾಯುವವನೂ ಆಗಿರಬಹುದು.

ಮಿಷನ್ ಹಿಲ್‌ನ ಯುವಕರನ್ನೆಲ್ಲ ಗೋಡೆಗೆ ನಿಲ್ಲಿಸಿದ ನಗರಕ್ಕೆ ಈ ಲೆಕ್ಕ ಬೇಕಿತ್ತು. ನೂರರಲ್ಲಿ ತೊಂಬತ್ತೊಂಬತ್ತು ಹುಡುಗರು ಸಂಶಯಕ್ಕೆ ಅರ್ಹರೇ ಆಗಿರಲಿಲ್ಲ.

1996ರ ಮೇ ತಿಂಗಳಲ್ಲಿ ಡಾರ್ಚೆಸ್ಟರ್ ಕೋರ್ಟಿನಲ್ಲಿ ಗ್ಯಾಂಗಿನ ಸದಸ್ಯರನ್ನೇ ಕರೆಸಿ ಸಭೆ ನಡೆಸಲಾಯಿತು. ಆಪರೇಷನ್ ಸೀಸ್‌ಫೈರ್ ಎಂಬ ಯೋಜನೆಯ ಆರಂಭ ಅದು. ಅಲ್ಲಿ ಹೇಳಿದ್ದು ನೇರ ಮಾತು: ಕೊಲೆ ನಿಲ್ಲಬೇಕು. ನಿಮ್ಮಲ್ಲಿ ಒಬ್ಬ ಕೊಂದರೂ ಇಡೀ ಗುಂಪಿನ ಮೇಲೆ ಕಾನೂನು ಬೀಳುತ್ತದೆ. ಬಿಟ್ಟು ಬರುವವರಿಗೆ ಶಾಲೆ, ಕೆಲಸ, ಸಹಾಯ ಇದೆ. ಪಿಸ್ತೂಲಿನ ಒಂದೇ ಒಂದು ಗುಂಡು ಇಟ್ಟುಕೊಂಡು ಸಿಕ್ಕಿಬಿದ್ದ ಹಳೆಯ ಅಪರಾಧಿಯೊಬ್ಬನಿಗೆ ಸುಮಾರು 20 ವರ್ಷ ಶಿಕ್ಷೆಯಾದದ್ದನ್ನು ಪೋಸ್ಟರ್ ಮಾಡಿ ಹಂಚಿದರು. ಎಚ್ಚರಿಕೆ ತಲುಪಿತು ನಿಜ. ಆದರೆ ಒಂದು ಗುಂಡಿಗೆ ಇಪ್ಪತ್ತು ವರ್ಷ ಎಂಬುದನ್ನು ನ್ಯಾಯ ಎಂದು ಬರೆಯಲು ನಮ್ಮ ಕೈ ಹಿಂಜರಿಯುತ್ತದೆ.

ಪಾಸ್ಟರುಗಳ ಪಾತ್ರ ಇಲ್ಲಿ ಸೂಕ್ಷ್ಮವಾದದ್ದು. ಹಿಂದೆ ಪೊಲೀಸರನ್ನು ಕಟುವಾಗಿ ಟೀಕಿಸಿದವರಲ್ಲಿ ರಿವರ್ಸ್ ಒಬ್ಬರು. ಈಗ ಅವರು ಪೊಲೀಸರ ಜೊತೆ ಕುಳಿತರು. ಕೊಲ್ಲುವುದನ್ನು ಬಿಡಲು ಒಪ್ಪದ ಕೆಲವೇ ಹುಡುಗರ ಬಗ್ಗೆ, ಇವರನ್ನು ಒಳಗೆ ಹಾಕದೆ ಬೇರೆ ದಾರಿಯಿಲ್ಲ ಎಂದು ಹೇಳುವುದಕ್ಕೂ ತಯಾರಾದರು. ಅದಕ್ಕೆ ಪ್ರತಿಯಾಗಿ, ಸಿಕ್ಕವರನ್ನೆಲ್ಲ ಬಡಿಯುವ ಪದ್ಧತಿ ನಿಲ್ಲಬೇಕು, ಇಲ್ಲವಾದರೆ ನಾವೇ ಪತ್ರಿಕೆಗಳ ಮುಂದೆ ಬರುತ್ತೇವೆ ಎಂಬ ಷರತ್ತು. ಈ ಒಪ್ಪಂದವನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಕ್ರಿಸ್ಟೋಫರ್ ವಿನ್‌ಶಿಪ್, ಪೊಲೀಸರು ನ್ಯಾಯವಾಗಿ ನಡೆದುಕೊಂಡಾಗ ಮಾತ್ರ ಅವರಿಗೆ ಚರ್ಚುಗಳು ಕೊಡೆ ಹಿಡಿದವು ಎಂಬರ್ಥದಲ್ಲಿ ವಿವರಿಸಿದ್ದಾರೆ. ಧರ್ಮಗುರುವೊಬ್ಬ ಪೊಲೀಸರಿಗೆ ಹುಡುಗನ ಹೆಸರು ಹೇಳಬಹುದೇ? ಪಾಪನಿವೇದನೆಯಲ್ಲಿ ಕೇಳಿದ್ದು ಬೇರೆ ವಿಷಯ, ಅದರ ಗುಟ್ಟಿಗೆ ವಿನಾಯಿತಿಯಿಲ್ಲ. ಬೀದಿಯಲ್ಲಿ ಕಂಡದ್ದರ ಬಗ್ಗೆ ನಮ್ಮ ಬಳಿ ಸುಲಭ ಉತ್ತರವಿಲ್ಲ. ಹುಡುಗನ ಮುಖ ನೋಡಿ ಮೊದಲು ಅವನಿಗೇ ಹೇಳಿದವರು ಇವರು ಎಂಬುದಷ್ಟೇ ಸಮಾಧಾನ.

1996ರಲ್ಲಿ 24 ವರ್ಷದೊಳಗಿನವರ ಕೊಲೆಗಳು 26ಕ್ಕೆ ಇಳಿದವು, 1997ರಲ್ಲಿ 15ಕ್ಕೆ. 1999ರಲ್ಲಿ ಇಡೀ ನಗರದಲ್ಲಿ 31 ಕೊಲೆಗಳು. ಪತ್ರಿಕೆಗಳು ಇದನ್ನು ಬೋಸ್ಟನ್ ಪವಾಡ ಎಂದು ಕರೆದವು. ಪವಾಡ ಎಂಬ ಪದವನ್ನು ನಾವು ಅಷ್ಟು ಸಲೀಸಾಗಿ ಬಳಸುವುದಿಲ್ಲ. ಆ ವರ್ಷಗಳಲ್ಲಿ ಅಮೆರಿಕದ ಬೇರೆ ನಗರಗಳಲ್ಲೂ ಕೊಲೆಗಳು ಕಡಿಮೆಯಾದವು. 1990ರಲ್ಲಿ 2,245 ಕೊಲೆಗಳಾಗಿದ್ದ ನ್ಯೂಯಾರ್ಕಿನಲ್ಲಿ 1998ಕ್ಕೆ 633 ಆದವು. ಅಲ್ಲಿ ಹಿಡಿದ ದಾರಿ ಬೇರೆಯೇ ಆಗಿತ್ತು. ಬೋಸ್ಟನ್ನಿನ ಇಳಿಕೆಯಲ್ಲಿ ಯಾರ ಪಾಲೆಷ್ಟು ಎಂಬ ಚರ್ಚೆ ವಿದ್ವಾಂಸರಲ್ಲಿ ಮುಗಿದಿಲ್ಲ.

ಹೆಸರು ಬಂದ ಮೇಲೆ ಒಡಕೂ ಬಂತು. ಕೀರ್ತಿ ಯಾರಿಗೆ ಸೇರಬೇಕೆಂಬ ಮಾತು ಪಾಸ್ಟರುಗಳ ನಡುವೆಯೂ ಇತ್ತು, ಅಧಿಕಾರಿಗಳ ನಡುವೆಯೂ ಇತ್ತು. 2000ದ ಹೊತ್ತಿಗೆ ಸೀಸ್‌ಫೈರ್ ಸಭೆಗಳು ನಿಂತುಹೋದವು. ಹಿಂದೆ ಶಿಕ್ಷೆಗೊಳಗಾದವರು ಜೈಲಿನಿಂದ ಹೊರಬರತೊಡಗಿದರು, ಹೊಸ ಹುಡುಗರು ಬೆಳೆದಿದ್ದರು. 2005ರಲ್ಲಿ ಕೊಲೆಗಳು ಸುಮಾರು 75ಕ್ಕೆ ಏರಿದವು, ಅದು ಹತ್ತು ವರ್ಷಗಳಲ್ಲೇ ಅತಿ ಹೆಚ್ಚು. 2007ರಲ್ಲಿ ಯೋಜನೆಗೆ ಮತ್ತೆ ಜೀವ ಕೊಡಬೇಕಾಯಿತು.

2024ರಲ್ಲಿ ಬೋಸ್ಟನ್ನಿನಲ್ಲಿ ನಡೆದ ಕೊಲೆಗಳು 24. 1957ರ ಬಳಿಕ ಇಷ್ಟು ಕಡಿಮೆ ಆದದ್ದು ಅದೇ ಮೊದಲು. ಬ್ರಾಗ ಮತ್ತು ಅವರ ಸಂಗಡಿಗರು 1980ರಿಂದ 2008ರವರೆಗಿನ ಗುಂಡಿನ ದಾಳಿಗಳನ್ನು ನಕ್ಷೆಯಲ್ಲಿ ಗುರುತಿಸಿ ನೋಡಿದಾಗ, ಅವುಗಳಲ್ಲಿ ಹೆಚ್ಚಿನವು ನಗರದ ಶೇಕಡಾ 5ಕ್ಕೂ ಕಡಿಮೆ ಬೀದಿ ತುಂಡುಗಳು ಮತ್ತು ಮೂಲೆಗಳಲ್ಲೇ ನಡೆದಿದ್ದವು. ಪಾಸ್ಟರುಗಳು ಶುಕ್ರವಾರ ರಾತ್ರಿ ನಡೆಯತೊಡಗಿದ ಡಾರ್ಚೆಸ್ಟರ್ ಭಾಗದಲ್ಲೂ ಅಂತಹ ಮೂಲೆಗಳಿದ್ದವು.