ಸ್ಲೈಡುಗಳ ಟೆಂಪ್ಲೇಟಿನಿಂದ ಐಕಾನ್ ಚಿತ್ರವನ್ನು ಮಾಡುವ ಕ್ರಮ

ಗ್ರಾಮಗಳ ಸಹಕಾರ ಸಂಘಗಳಲ್ಲಿಯೂ ಅನೇಕ ಜಮೀನುದಾರರ ಮನೆಗಳಲ್ಲಿಯೂ ಈಗ ಲೆಕ್ಕಪತ್ರಗಳು ಕಂಪ್ಯೂಟರಿನಲ್ಲಿಯೇ ಇರುತ್ತವೆ. ಪಹಣಿಯ ಪ್ರತಿಗಳು, ಮಣ್ಣಿನ ಪರೀಕ್ಷೆಯ ವರದಿಗಳು, ಮಂಡಿಯ ಪಟ್ಟಿಗಳು ಬೇರೆ ಬೇರೆ ಫೋಲ್ಡರುಗಳಲ್ಲಿದ್ದರೂ ನೋಡುವವರಿಗೆ ಎಲ್ಲವೂ ಒಂದೇ ಬಗೆಯ ಹಳದಿ ಚೀಲಗಳಾಗಿ ತೋರುವುವು. ಅಕ್ಷರವನ್ನು ಕೂಡಿಸಿ ಓದಲಾರದ ವೃದ್ಧರಿಗೆ ಇದರಿಂದ ಆಗುವ ತೊಂದರೆ ಸ್ವಲ್ಪವಲ್ಲ. ಮೂಟೆಗಳು ಬೆರೆಯದಂತೆ ಮಸಿಯಿಂದ ಗುರುತು ಹಾಕುವ ನಮ್ಮ ಪದ್ಧತಿಯು ಇಲ್ಲಿಯೂ ಸಾಧ್ಯವುಂಟು. ಆ ಗುರುತಿಗೆ ಐಕಾನ್ ಎಂದು ಹೆಸರು.

ವಾರ್ಷಿಕ ಮಹಾಸಭೆಯಲ್ಲಿ ತೋರಿಸುವ ಸ್ಲೈಡುಗಳ ಟೆಂಪ್ಲೇಟಿನಲ್ಲಿ ಅನೇಕ ಸಂಘಗಳಿಗೆ ಒಳ್ಳೆಯ ಚಿಹ್ನೆಯು ಮೊದಲೇ ಇರುವುದು. ಈ ಟೆಂಪ್ಲೇಟನ್ನೇ ಐಕಾನಾಗಿ ಮಾರ್ಪಡಿಸಬಹುದೇ ಎಂದು ಕೇಳುವವರುಂಟು. ಟೆಂಪ್ಲೇಟಿನಲ್ಲಿರುವ ಒಂದು ಚಿಹ್ನೆಯನ್ನು ಮಾರ್ಪಡಿಸಬಹುದಲ್ಲದೆ, ಇಡೀ ಟೆಂಪ್ಲೇಟನ್ನು ಮಾರ್ಪಡಿಸುವುದರಲ್ಲಿ ಅರ್ಥವಿಲ್ಲ.

ಟೆಂಪ್ಲೇಟೆಂಬುದು ಬೆಲ್ಲದ ಅಚ್ಚಿನಂಥದು. ಅದರಲ್ಲಿ ಹಿನ್ನೆಲೆಯ ಬಣ್ಣ, ಅಕ್ಷರಗಳ ಆಕಾರ, ಶೀರ್ಷಿಕೆಯ ಸ್ಥಳ ಇವೆಲ್ಲಾ ಸೇರಿರುವುವು. ಪ್ರತಿ ಸಲವೂ ಅದರಿಂದ ಹೊಸ ಸ್ಲೈಡುಗಳನ್ನು ತೆಗೆಯುವೆವು. ಪವರ್‌ಪಾಯಿಂಟಿನ ಹಳೆಯ ಟೆಂಪ್ಲೇಟುಗಳ ಹೆಸರು ಪಿಓಟಿ ಎಂದು ಕೊನೆಗೊಳ್ಳುವುದು. 2007ರ ಆವೃತ್ತಿಯಿಂದ ಈಚಿನವು ಪಿಓಟಿಎಕ್ಸ್ ಎಂದು ಕೊನೆಗೊಳ್ಳುವುವು. ಐಸಿಓ ಎಂದು ಕೊನೆಗೊಳ್ಳುವ ಐಕಾನ್ ಫೈಲಾದರೋ ಬೇರೆ ಜಾತಿಯದು. ಒಂದೇ ಚಿಹ್ನೆಯ ಹಲವು ಅಳತೆಯ ಚಿತ್ರಗಳು ಅದರೊಳಗೆ ಒಟ್ಟಿಗಿರುವುವು. ತೆರೆಯಲ್ಲಿ ಸಿಕ್ಕುವ ಸ್ಥಳವನ್ನು ನೋಡಿ ವಿಂಡೋಸ್ ತಕ್ಕ ಅಳತೆಯದನ್ನು ಆರಿಸಿಕೊಳ್ಳುವುದು. ಅತಿ ದೊಡ್ಡದು ಅಡ್ಡ 256, ಉದ್ದ 256 ಚುಕ್ಕೆಗಳದು. ಸಾಮಾನ್ಯವಾಗಿ ಬಳಕೆಯಲ್ಲಿರುವ ಇತರ ಅಳತೆಗಳು 48, 32 ಮತ್ತು 16.

ಒಂದು ಸಂಘದಲ್ಲಿ ನಡೆದುದನ್ನು ಇಲ್ಲಿ ಹೇಳಬೇಕಾಗಿದೆ. ಅಲ್ಲಿಯ ಗುಮಾಸ್ತರು ಟೆಂಪ್ಲೇಟಿನ ಹೆಸರಿನ ಕೊನೆಯನ್ನು ಐಸಿಓ ಎಂದು ತಿದ್ದಿಬಿಟ್ಟರು. ಐಕಾನು ಬರಲಿಲ್ಲ, ಅದು ಹಾಗಿರಲಿ, ಮಹಾಸಭೆಯ ಹಿಂದಿನ ದಿನ ಹುಡುಕಿದಾಗ ಟೆಂಪ್ಲೇಟೂ ಸಿಕ್ಕಲಿಲ್ಲ. ಕಳೆದುಹೋಯಿತೆಂದು ತಿಳಿದು ರಾತ್ರಿಯೆಲ್ಲಾ ಕುಳಿತು ಹೊಸದನ್ನು ಮಾಡಿದರು. ಹೆಸರನ್ನು ಮೊದಲಿನಂತೆ ತಿದ್ದಿದೊಡನೆ ಹಳೆಯದು ತೆರೆಯಿತು. ರಾಗಿಯ ಮೂಟೆಗೆ ಭತ್ತದ ಚೀಟಿ ಕಟ್ಟಿದ ಮಾತ್ರಕ್ಕೆ ಒಳಗಿನ ಕಾಳು ಬದಲಾಗುವುದಿಲ್ಲವಷ್ಟೆ. ಆದುದರಿಂದ ಮೊದಲು ಟೆಂಪ್ಲೇಟಿನ ಒಂದು ಪ್ರತಿಯನ್ನು ಮಾಡಿಕೊಂಡು, ಮುಂದಿನ ಕೆಲಸವನ್ನೆಲ್ಲಾ ಆ ಪ್ರತಿಯ ಮೇಲೆಯೇ ನಡೆಸತಕ್ಕದ್ದು.

ಹೆಸರಿನ ಬದಲಾವಣೆಯಿಂದ ಉಪಯೋಗವಾಗುವ ಸಂದರ್ಭವೂ ಒಂದುಂಟು. ಪಿಓಟಿಎಕ್ಸ್ ಫೈಲು ನಿಜವಾಗಿ ಜಿಪ್ ಎಂಬ ಒಂದು ಗಂಟು. ಪ್ರತಿಯ ಕೊನೆಯನ್ನು ಜಿಪ್ ಎಂದು ತಿದ್ದಿ ತೆರೆದರೆ, ಪಿಪಿಟಿ ಎಂಬ ಫೋಲ್ಡರಿನೊಳಗಿನ ಮೀಡಿಯಾ ಎಂಬುದರಲ್ಲಿ, ಟೆಂಪ್ಲೇಟಿಗೆ ಸೇರಿಸಿದ ಚಿತ್ರಗಳು ಬಿಡಿಬಿಡಿಯಾಗಿ ದೊರೆಯುವುವು. ಹಳೆಯ ಪಿಓಟಿಗೆ ಇದು ನಡೆಯದು. ಅದನ್ನು ಪವರ್‌ಪಾಯಿಂಟಿನಲ್ಲಾಗಲಿ, ಕ್ರಯವಿಲ್ಲದೆ ದೊರೆಯುವ ಲಿಬ್ರೆಆಫೀಸಿನಲ್ಲಾಗಲಿ ತೆರೆದು ಪಿಓಟಿಎಕ್ಸ್ ಆಗಿ ಉಳಿಸಿಕೊಳ್ಳಬೇಕು.

ಚಿಹ್ನೆಯು ಪವರ್‌ಪಾಯಿಂಟಿನಲ್ಲಿಯೇ ಗೆರೆಗಳಿಂದಲೂ ವೃತ್ತಗಳಿಂದಲೂ ಬರೆದದ್ದಾಗಿದ್ದರೆ ಮೀಡಿಯಾದಲ್ಲಿ ಸಿಕ್ಕದು. ಆಗ ವ್ಯೂ ಎಂಬಲ್ಲಿ ಸ್ಲೈಡ್ ಮಾಸ್ಟರನ್ನು ತೆರೆದು, ಚಿಹ್ನೆಯ ಭಾಗಗಳನ್ನು ಒಂದುಗೂಡಿಸಿ, ಆದಷ್ಟು ದೊಡ್ಡದಾಗಿ ಎಳೆದು, ಮೌಸಿನ ಬಲಗುಂಡಿಯನ್ನು ಒತ್ತಿದಾಗ ಬರುವ ಸೇವ್ ಆ್ಯಸ್ ಪಿಕ್ಚರ್ ಎಂಬುದರಿಂದ ಪಿಎನ್‌ಜಿ ಚಿತ್ರವಾಗಿ ಉಳಿಸತಕ್ಕದ್ದು. ಜೆಪೆಗ್ ಆಗಿ ಉಳಿಸಕೂಡದು. ಅದರಲ್ಲಿ ಪಾರದರ್ಶಕತೆ ಇಲ್ಲದ ಕಾರಣ ಚಿಹ್ನೆಯ ಸುತ್ತಲೂ ಬಿಳಿಯ ಚೌಕವು ನಿಲ್ಲುವುದು.

ಬಳಿಕ ಗಿಂಪ್ ಎಂಬ ಉಚಿತ ಚಿತ್ರ ತಂತ್ರಾಂಶದಲ್ಲಿ 256ಕ್ಕೆ 256ರ ಪಾರದರ್ಶಕ ಚೌಕವನ್ನು ತೆರೆದು ಚಿಹ್ನೆಯನ್ನು ನಡುವೆ ಇಟ್ಟು ಒಂದೇ ಲೇಯರಾಗಿ ಮಾಡಬೇಕು. ಆ ಲೇಯರಿನ ಮೂರು ನಕಲುಗಳನ್ನು ತೆಗೆದು ಕ್ರಮವಾಗಿ 48, 32, 16ಕ್ಕೆ ಇಳಿಸಿ, ಐಸಿಓ ಎಂದು ಕೊನೆಗೊಳ್ಳುವ ಹೆಸರಿನಿಂದ ಎಕ್ಸ್‌ಪೋರ್ಟ್ ಮಾಡಿದರೆ, ಪ್ರತಿ ಲೇಯರೂ ಐಕಾನಿನ ಒಂದೊಂದು ಅಳತೆಯಾಗಿ ಸೇರುವುದು.

ಆದರೆ ನಿಜವಾದ ಕಷ್ಟವಿರುವುದು 16ರ ಅಳತೆಯಲ್ಲಿ. ಇದು ಅಡ್ಡಕ್ಕೂ ಉದ್ದಕ್ಕೂ ಹದಿನಾರು ಚುಕ್ಕೆಯ ರಂಗೋಲಿ. ಒಟ್ಟು 256 ಚುಕ್ಕೆಗಳು ಮಾತ್ರ. ದೊಡ್ಡ ಅಳತೆಯಲ್ಲಿಯಾದರೋ 65,536 ಚುಕ್ಕೆಗಳಿರುವುವು. ಇಡೀ ಸ್ಲೈಡನ್ನೇ ಕುಗ್ಗಿಸಿದರೆ, ಅದರ ಅಗಲ ಎತ್ತರಗಳು ಈಗ ಸಾಮಾನ್ಯವಾಗಿ 16ಕ್ಕೆ 9ರ ಪ್ರಮಾಣದಲ್ಲಿರುವುದರಿಂದ, ಒಂಬತ್ತೇ ಸಾಲುಗಳಲ್ಲಿ ಶೀರ್ಷಿಕೆಯೂ ಚಿತ್ರವೂ ಕಲಸಿಹೋಗುವುವು. ಸಂಘದ ಹೆಸರನ್ನೂ ಸ್ಥಾಪನೆಯ ವರ್ಷವನ್ನೂ ಈ ಅಳತೆಯಲ್ಲಿ ಬಿಟ್ಟುಬಿಡಬೇಕು. ರಾಗಿಯ ತೆನೆಯಾದರೆ ಬಾಗಿದ ನಾಲ್ಕು ಬೆರಳಿನಾಕಾರ ಸಾಕು. ಎತ್ತಾದರೆ ಕೊಂಬು ಮತ್ತು ಮುಖ. ಕುಗ್ಗಿಸಿದುದನ್ನು ಹಾಗೆಯೇ ಬಿಡದೆ, ಚುಕ್ಕೆ ಚುಕ್ಕೆಯಾಗಿ ಕೈಯಿಂದ ತಿದ್ದುವುದು ಉತ್ತಮ. ಅರ್ಧ ಗಂಟೆಯ ಕೆಲಸ. ಮನೆಯಲ್ಲಿ ರಂಗೋಲಿ ಹಾಕುವವರಿದ್ದರೆ ಅವರಿಗೆ ಒಪ್ಪಿಸುವುದು ಮೇಲು.

ಸರ್ಕಾರದಿಂದ ಬಂದ ಟೆಂಪ್ಲೇಟುಗಳಲ್ಲಿ ಸಿಂಹಗಳ ರಾಷ್ಟ್ರಲಾಂಛನವಿರುವುದುಂಟು. ಅದನ್ನು ತೆಗೆದು ಖಾಸಗಿ ಗುರುತಾಗಿ ಮಾಡಿಕೊಳ್ಳಕೂಡದು; ಲಾಂಛನದ ಅನುಚಿತ ಬಳಕೆಯನ್ನು 2005ರ ಕಾಯಿದೆಯು ನಿಷೇಧಿಸಿದೆ. ಫೈಲನ್ನು ಕಳುಹಿಸಿದರೆ ಕ್ಷಣದಲ್ಲಿ ಮಾರ್ಪಡಿಸಿ ಕೊಡುವ ಅಂತರ್ಜಾಲದ ತಾಣಗಳೂ ಉಂಟು. ಸದಸ್ಯರ ಹೆಸರು, ಸಾಲದ ಬಾಕಿ ಮುಂತಾದುವು ಸ್ಲೈಡುಗಳಲ್ಲಿ ಉಳಿದಿರಬಹುದಾದ ಕಾರಣ, ಇಡೀ ಟೆಂಪ್ಲೇಟನ್ನು ಅಪರಿಚಿತರಿಗೆ ಒಪ್ಪಿಸುವುದು ಯುಕ್ತವಲ್ಲ. ಅಂತಹ ತಾಣವನ್ನು ಬಳಸಲೇಬೇಕಾದರೆ ಬಿಡಿಸಿಕೊಂಡ ಚಿಹ್ನೆಯ ಚಿತ್ರವೊಂದನ್ನೇ ಕಳುಹಿಸಬಹುದು.

ಐಕಾನು ಸಿದ್ಧವಾದ ಮೇಲೆ ಫೋಲ್ಡರಿನ ಪ್ರಾಪರ್ಟೀಸ್ ಎಂಬಲ್ಲಿ ಕಸ್ಟಮೈಸ್, ಚೇಂಜ್ ಐಕಾನ್ ಎಂಬುವನ್ನು ಕ್ರಮವಾಗಿ ಒತ್ತಿ ಅದನ್ನು ಆರಿಸತಕ್ಕದ್ದು. ಐಸಿಓ ಫೈಲನ್ನು ಪೆನ್‌ಡ್ರೈವಿನಲ್ಲಿಡದೆ ಕಂಪ್ಯೂಟರಿನಲ್ಲಿಯೇ ಒಂದು ಸ್ಥಿರವಾದ ಸ್ಥಳದಲ್ಲಿಡಬೇಕು. ಅದನ್ನು ಕದಲಿಸಿದರೆ ಗುರುತು ಅಳಿದು ಫೋಲ್ಡರು ಮೊದಲಿನ ಹಳದಿ ಚೀಲವಾಗಿಯೇ ಕಾಣುವುದು.