ಪ್ರೋಲಾಗ್ ಕಲಿಯುವ ಬಗೆ

ಕನ್ನಡ ವ್ಯಾಕರಣವನ್ನು ಪಾಠ ಹೇಳಿದವನಿಗೆ ಗಣಕಯಂತ್ರದ ಭಾಷೆಯ ಗೊಡವೆ ಏಕೆಂದು ಕೇಳುಗರು ಪ್ರಶ್ನಿಸಬಹುದು. ನಾನಿಂದು ಹೇಳಹೊರಟಿರುವ ಪ್ರೋಲಾಗ್ ಎಂಬ ಭಾಷೆ ಹುಟ್ಟಿದ್ದೇ ವ್ಯಾಕರಣದ ಅಂಗಳದಲ್ಲಿ. 1972ರ ಸುಮಾರಿಗೆ ಫ್ರಾನ್ಸಿನ ಮಾರ್ಸೇಲ್ಸ್ ನಗರದಲ್ಲಿ ಅಲೇನ್ ಕೋಲ್ಮೆರೋರ್ ಮತ್ತು ಫಿಲಿಪ್ ರೂಸೆಲ್ ಇದನ್ನು ರೂಪಿಸಿದರು. ಫ್ರೆಂಚ್ ವಾಕ್ಯಗಳ ಅರ್ಥವನ್ನು ಯಂತ್ರಕ್ಕೆ ಎಟುಕಿಸಬೇಕೆಂಬುದು ಅವರ ಹಂಬಲ. ತರ್ಕವನ್ನೇ ಗಣನೆಯ ಸಾಧನವಾಗಿಸಬಹುದೆಂಬ ರಾಬರ್ಟ್ ಕೊವಾಲ್‌ಸ್ಕಿಯವರ ವಿಚಾರ ಅದಕ್ಕೆ ಆಧಾರವಾಯಿತು.

ಉದ್ಯೋಗಕ್ಕೆ ಹೊಸದಾಗಿ ಸೇರಿದ ತರುಣರು ಈ ಭಾಷೆಯ ಮುಂದೆ ತಬ್ಬಿಬ್ಬಾಗುವುದುಂಟು. ಸಿ, ಜಾವಾ ಮೊದಲಾದವುಗಳಲ್ಲಿ ಪಳಗಿದವರು ‘ಮೊದಲು ಇದನ್ನು ಮಾಡು, ಬಳಿಕ ಅದನ್ನು ಮಾಡು’ ಎಂದು ಆಜ್ಞಾಪಿಸಿ ರೂಢಿಯಾದವರು. ಪ್ರೋಲಾಗಿನಲ್ಲಿ ಯಾವುದು ನಿಜ, ಯಾವುದರಿಂದ ಯಾವುದು ಸಿದ್ಧಿಸುತ್ತದೆ ಎಂದು ತಿಳಿಸಬೇಕು. ಉತ್ತರವನ್ನು ಹುಡುಕುವ ಕೆಲಸ ಯಂತ್ರದ್ದು. ದಶರಥನು ರಾಮನ ತಂದೆ, ರಾಮನು ಲವನ ತಂದೆ, ತಂದೆಯ ತಂದೆ ಅಜ್ಜ—ಇಷ್ಟನ್ನು ಬರೆದರೆ ಸಾಕು. ಲವನ ಅಜ್ಜ ಯಾರೆಂದು ಕೇಳಬಹುದು. ದಶರಥನು ಯಾರಿಗೆ ಅಜ್ಜನೆಂದೂ ಕೇಳಬಹುದು. ಎರಡಕ್ಕೂ ಒಂದೇ ಸೂತ್ರ ಉತ್ತರಿಸುತ್ತದೆ.

ಆದುದರಿಂದ ಕಲಿಯುವವರು ಬರೆದ ಪ್ರತಿಯೊಂದು ಸೂತ್ರವನ್ನೂ ಎರಡೂ ದಿಕ್ಕಿನಿಂದ ಪ್ರಶ್ನಿಸಿ ನೋಡಬೇಕು. ನಮ್ಮ ಲೋಪಸಂಧಿ ಇದಕ್ಕೆ ಒಳ್ಳೆಯ ಅಭ್ಯಾಸ. ಸ್ವರದ ಮುಂದೆ ಸ್ವರ ಬಂದಾಗ ಪೂರ್ವಪದದ ಕೊನೆಯ ಸ್ವರ ಲೋಪವಾಗುತ್ತದೆ ಎಂದು ಬರೆದರೆ ‘ಮಾತು’, ‘ಇಲ್ಲ’ ಕೂಡಿ ‘ಮಾತಿಲ್ಲ’ ಆಗುತ್ತದೆ. ಅದೇ ಸೂತ್ರಕ್ಕೆ ‘ಮಾತಿಲ್ಲ’ವನ್ನು ಕೊಟ್ಟು ಬಿಡಿಸೆಂದರೆ ‘ಮಾತ’, ‘ಮಾತಿ’, ‘ಮಾತು’ ಎಂದು ಹಲವು ಪೂರ್ವಪದಗಳು ಹೊರಬರುತ್ತವೆ. ಲೋಪವಾದ ಸ್ವರ ಯಾವುದೆಂದು ಸೂತ್ರ ಹೇಳಿಲ್ಲವಲ್ಲ! ಸೂತ್ರದ ಪಕ್ಕದಲ್ಲಿ ನಿಘಂಟೂ ಬೇಕೆಂಬ ಪಾಠವನ್ನು ಕಲಿಯುವವರಿಗೆ ಯಂತ್ರವೇ ಹೇಳಿಕೊಡುತ್ತದೆ.

ಹಾಗೆಂದು ಹೇಳಿಕೆ ನಿಜವಾಗಿದ್ದರಷ್ಟೇ ಸಾಲದು. ಯಂತ್ರವು ಸೂತ್ರಗಳನ್ನು ಮೇಲಿನಿಂದ ಕೆಳಕ್ಕೆ, ಷರತ್ತುಗಳನ್ನು ಎಡದಿಂದ ಬಲಕ್ಕೆ ನೋಡುತ್ತದೆ. ಪೂರ್ವಜನನ್ನು ವಿವರಿಸುವ ಸೂತ್ರದ ಮೊದಲ ಷರತ್ತಿನಲ್ಲೇ ಮತ್ತೆ ಪೂರ್ವಜನನ್ನು ಕೇಳಿದರೆ ಅದು ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ. ಇಂತಹ ದೋಷವನ್ನು ಕಾಣಲು ‘ಟ್ರೇಸ್’ ಎಂಬ ಸೌಲಭ್ಯವಿದೆ. ಕರೆ, ಸಾಫಲ್ಯ, ಮರುಪ್ರಯತ್ನ, ವೈಫಲ್ಯ ಎಂಬ ನಾಲ್ಕು ಘಟ್ಟಗಳನ್ನು ಅದು ಒಂದೊಂದಾಗಿ ತೋರಿಸುತ್ತದೆ. ಸಣ್ಣ ಪ್ರೋಗ್ರಾಮೊಂದನ್ನು ಹೀಗೆ ಆದ್ಯಂತ ಹಿಂಬಾಲಿಸಿದವರಿಗೆ ಹತ್ತು ಅಧ್ಯಾಯ ಓದಿದ ಫಲ ದೊರೆಯುತ್ತದೆ.

‘ಕಟ್’ ಎಂಬ ಚಿಹ್ನೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದು ಹುಡುಕಾಟದ ಉಳಿದ ದಾರಿಗಳನ್ನು ಮುಚ್ಚಿಬಿಡುತ್ತದೆ. ಬೇಡದ ಉತ್ತರಗಳ ಬಾಯಿ ಮುಚ್ಚಿಸಲು ಹೊಸಬರು ಅದನ್ನು ಕಂಡಕಂಡಲ್ಲಿ ಬಳಸುತ್ತಾರೆ. ಅದರೊಡನೆ ಸರಿಯಾದ ಉತ್ತರವೂ ಸದ್ದಿಲ್ಲದೆ ಅಡಗಬಹುದು. ತಪ್ಪು ಉತ್ತರವನ್ನಾದರೂ ಯಾರಾದರೂ ಗುರುತಿಸಿಯಾರು. ಬಾರದೇ ಹೋದ ಉತ್ತರವನ್ನು ಗುರುತಿಸುವವರು ಯಾರು? ಆ ಪ್ರೋಗ್ರಾಮನ್ನು ನಂಬಿ ನಿರ್ಣಯ ಕೈಗೊಳ್ಳುವವರು ಅದರ ಫಲವನ್ನು ಉಣ್ಣಬೇಕಾಗುತ್ತದೆ.

ಸ್ಟರ್ಲಿಂಗ್ ಮತ್ತು ಶಪಿರೊ 1986ರಲ್ಲಿ ಪ್ರಕಟಿಸಿದ ‘ದಿ ಆರ್ಟ್ ಆಫ್ ಪ್ರೋಲಾಗ್’ ಇಂದಿಗೂ ಓದತಕ್ಕ ಗ್ರಂಥ. 1987ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಯಾನ್ ವೀಲೆಮೇಕರ್ ಆರಂಭಿಸಿದ ಎಸ್‌ಡಬ್ಲ್ಯುಐ ಪ್ರೋಲಾಗ್ ಉಚಿತವಾಗಿ ದೊರೆಯುತ್ತದೆ. ಇವುಗಳ ಜೊತೆಗೆ ಹಿರಿಯರು ಬರೆದ ಪ್ರೋಗ್ರಾಮುಗಳನ್ನು ತರುಣರು ಓದಬೇಕು. ತಾವು ಬರೆದ ಸೂತ್ರವನ್ನು ಅವರೆದುರು ಕನ್ನಡ ವಾಕ್ಯವಾಗಿ ಬಾಯಿಬಿಟ್ಟು ಹೇಳಬೇಕು. ಹೇಳುವಾಗ ನಾಲಿಗೆ ತೊಡರಿದ ಕಡೆಯಲ್ಲೇ ಬಹುಮಟ್ಟಿಗೆ ಆಲೋಚನೆಯೂ ತೊಡರಿರುತ್ತದೆ.