ಮೂರು ನಿಮಿಷದ ತಟ್ಟೆಯಲ್ಲಿ ಉಳಿದ ಗುರು

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೊರಟ ರೈಲು ಕುಂದಗೋಳವನ್ನು ದಾಟಿದರೆ ಮುಂದೆ ಸಂಶಿ. ಇಕ್ಕೆಲಗಳಲ್ಲೂ ಎರೆಭೂಮಿ. ಈ ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಮನೆತನದಲ್ಲಿ 1886ರಲ್ಲಿ ಜನಿಸಿದ ರಾಮಚಂದ್ರ ಗಣೇಶ ಸಂಶಿ ಮುಂದೆ ರಾಮಭಾವು ಕುಂದಗೋಳಕರರಾದರು. ಸಂಗೀತಲೋಕಕ್ಕೆ ಸವಾಯಿ ಗಂಧರ್ವರಾದರು. ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಅವರನ್ನು ನಾಡು ಗಂಟೆಗಟ್ಟಲೆ ಕೇಳಿದೆ. ಆದರೆ ಗುರುವಿನ ಕಂಠ ನಮಗೆ ದಕ್ಕಿರುವುದು ಹೆಚ್ಚಾಗಿ ಮೂರು-ಮೂರೂವರೆ ನಿಮಿಷಗಳ ಗ್ರಾಮಫೋನ್ ತಟ್ಟೆಗಳಲ್ಲಿ.

ಇದರಲ್ಲೊಂದು ವಿಪರ್ಯಾಸವಿದೆ. ಕಿರಾಣಾ ಘರಾಣೆಯ ಜೀವಾಳವೇ ಸ್ವರವನ್ನು ನಿಧಾನವಾಗಿ ಅರಳಿಸುವ ವಿಲಂಬಿತ ಗಾಯನ. ಸವಾಯಿ ಗಂಧರ್ವರ ಕಂಠವಂತೂ ಹದಕ್ಕೆ ಬರಲು ಸಾಕಷ್ಟು ಸಮಯವನ್ನು ಬೇಡುತ್ತಿತ್ತೆಂಬುದು ಬಲ್ಲವರ ಮಾತು. ಕಂಠ ಕಾಯುವ ಮೊದಲೇ ಮುಗಿದುಹೋಗುವ ತಟ್ಟೆಯಲ್ಲಿ ಅವರು ಶಂಕರಾ, ಪೂರಿಯಾ, ಭೈರವಿಗಳನ್ನು ಹಾಡಿದರು. 1942ರ ಹೊತ್ತಿಗೆ ಪಾರ್ಶ್ವವಾಯು ಅವರ ಗಾಯನವನ್ನು ಕಸಿದುಕೊಂಡಿತು. 1952ರ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡರು. ಚೆದುರಿದ್ದ ಆ ತಟ್ಟೆಗಳು ಸಂಕಲನಗಳಾಗಿ ಎಲ್‌ಪಿ, ಕ್ಯಾಸೆಟ್, ಸಿಡಿಗಳ ರೂಪ ತಳೆದದ್ದು ಆಮೇಲೆ.

ಮರಣೋತ್ತರ ಸಂಕಲನವೆಂದರೆ ಹಳೆಯದನ್ನು ಹೊಸ ಪೆಟ್ಟಿಗೆಗೆ ತುಂಬುವ ಕೆಲಸವಷ್ಟೇ ಅಲ್ಲ. ಪಾಶ್ಚಾತ್ಯ ರಾಕ್ ಸಂಗೀತ ಈ ಪಾಠವನ್ನು ದುಬಾರಿ ಬೆಲೆಗೆ ಕಲಿತಿದೆ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ 1970ರ ಸೆಪ್ಟೆಂಬರ್‌ನಲ್ಲಿ, 27ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅಪೂರ್ಣ ಮುದ್ರಿಕೆಗಳ ರಾಶಿಯೇ ಉಳಿದಿತ್ತು. ಜೊತೆಗಿದ್ದ ಧ್ವನಿತಂತ್ರಜ್ಞ ಎಡ್ಡಿ ಕ್ರೇಮರ್ ಮತ್ತು ಡ್ರಮ್ ವಾದಕ ಮಿಚ್ ಮಿಚೆಲ್ 1971ರಲ್ಲಿ ಒಂದು ಸಂಕಲನವನ್ನು ಸಿದ್ಧಪಡಿಸಿದರು. ಆದರೆ 1975ರ ‘ಕ್ರ್ಯಾಶ್ ಲ್ಯಾಂಡಿಂಗ್’ನಲ್ಲಿ ನಿರ್ಮಾಪಕ ಅಲನ್ ಡಗ್ಲಸ್, ಮೂಲ ಸಹವಾದಕರ ನುಡಿಸಾಣಿಕೆಯನ್ನು ಅಳಿಸಿ ಬೇರೆ ವಾದಕರಿಂದ ತುಂಬಿಸಿದರು. ಸತ್ತವನು ಎಂದೂ ಜೊತೆಗೂಡಿ ನುಡಿಸದವರು ಅವನ ಪಕ್ಕದಲ್ಲಿ ಕುಳಿತರು. ಆ ವಿವಾದ ಇಂದಿಗೂ ತಣ್ಣಗಾಗಿಲ್ಲ. 1995ರಲ್ಲಿ ಹಕ್ಕುಗಳು ಕುಟುಂಬಕ್ಕೆ ಮರಳಿದ ಮೇಲೆಯೇ 1997ರಲ್ಲಿ ಆ ಹಾಡುಗಳ ಮರುಜೋಡಣೆ ಸಾಧ್ಯವಾಯಿತು.

ನಮ್ಮಲ್ಲಿ ಅಂಥ ಅತಿರೇಕ ನಡೆದಿಲ್ಲವೆಂದು ಸಮಾಧಾನಪಡಬೇಕಿಲ್ಲ. ಹಳೆಯ ತಟ್ಟೆಗಳೆಲ್ಲ ನಿಖರವಾಗಿ ನಿಮಿಷಕ್ಕೆ 78 ಸುತ್ತುಗಳಲ್ಲೇ ಮುದ್ರಿತವಾದವಲ್ಲ. 76 ಸುತ್ತುಗಳಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಲಯ ಚುರುಕಾಗುವುದಲ್ಲದೆ ಶ್ರುತಿಯೂ ಹೆಚ್ಚುಕಡಿಮೆ ಕಾಲು ಸ್ವರದಷ್ಟು ಏರುತ್ತದೆ. ಗಾಯಕನ ಕಂಠವೇ ಬೇರೆಯದಾಗುತ್ತದೆ. ಗರಗರ ಸದ್ದನ್ನು ಪೂರ್ತಿ ತೊಡೆಯಹೊರಟರೆ ಅದರೊಡನೆ ತಂಬೂರಿಯ ನಾದವೂ ಸ್ವರದ ಅಂಚೂ ಸವೆಯುತ್ತವೆ. ಎಷ್ಟು ಒರೆಸಬೇಕು, ಎಲ್ಲಿ ನಿಲ್ಲಿಸಬೇಕು? ಇದು ಯಂತ್ರದ ಪ್ರಶ್ನೆಯಲ್ಲ, ವಿವೇಕದ ಪ್ರಶ್ನೆ. ಕೇಳಿ ಹೇಳಲು ಕಲಾವಿದನೇ ಇಲ್ಲದಿರುವಾಗ ಈ ಹೊಣೆ ಇಮ್ಮಡಿಯಾಗುತ್ತದೆ.

ಆದ್ದರಿಂದ ಇಂಥ ಸಂಕಲನಗಳಿಂದ ನಾವು ಕೇಳಬೇಕಾದದ್ದು ಸರಳವಾದ ಪ್ರಾಮಾಣಿಕತೆ: ಮೂಲ ತಟ್ಟೆಯ ಸಂಖ್ಯೆ, ಮುದ್ರಣದ ವರ್ಷ, ಸಾಥಿದಾರರ ಹೆಸರು, ಆಯ್ದುಕೊಂಡ ವೇಗ, ಮಾಡಿದ ತಿದ್ದುಪಡಿ. ಸಂಸ್ಕರಿಸದ ಪ್ರತಿಯೊಂದನ್ನು ಕಾಪಿಡುವುದೂ ಅಷ್ಟೇ ಮುಖ್ಯ. ಭಾರತದ ಕಾನೂನಿನಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ನಂತರ 60 ವರ್ಷ. ಆ ಲೆಕ್ಕದಲ್ಲಿ 1930ರ ದಶಕದ ತಟ್ಟೆಗಳ ಅವಧಿ ಮುಗಿದು ಬಹುಕಾಲವಾಯಿತು. ಅಂದರೆ ಅವು ಈಗ ಎಲ್ಲರ ಸೊತ್ತು. ಎಲ್ಲರ ಹೊಣೆಯೂ ಹೌದು.

ಮೂರು ನಿಮಿಷವೆಂದು ಹಗುರಾಗಿ ಎಣಿಸುವಂತೆಯೂ ಇಲ್ಲ. ಗದುಗಿನ ಬಾಲಕ ಭೀಮಸೇನನನ್ನು ಮನೆ ಬಿಟ್ಟು ಗುರುವನ್ನು ಅರಸಿ ಹೊರಡುವಂತೆ ಮಾಡಿದ್ದು ಅಬ್ದುಲ್ ಕರೀಂ ಖಾನರ ಒಂದು ತಟ್ಟೆಯೇ. ಸುತ್ತಿ ಸುತ್ತಿ ಆತ ಕೊನೆಗೆ ತಲುಪಿದ್ದು ಖಾನ್‌ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಕುಂದಗೋಳಕ್ಕೆ. ಹುಬ್ಬಳ್ಳಿಯ ಗಂಗೂಬಾಯಿ ಪಾಠಕ್ಕೆಂದು ರೈಲು ಹತ್ತಿ ಬರುತ್ತಿದ್ದುದೂ ಇಲ್ಲಿಗೇ.

ಕುಂದಗೋಳದ ನಾಡಿಗೇರ ವಾಡೆಯಲ್ಲಿ ಗುರುವಿನ ನೆನಪಿಗೆ ಅಹೋರಾತ್ರಿ ಸಂಗೀತ ನಡೆಯುತ್ತ ಬಂದಿದೆ. ಮೊದಲ ಗಾಯಕರು ತಂಬೂರಿ ಶ್ರುತಿಗೊಳಿಸುವ ಮುನ್ನ ಆ ಹಳೆಯ ತಟ್ಟೆಗಳಲ್ಲಿ ಒಂದನ್ನು, ಅದರ ಗರಗರ ಸಮೇತ, ಕೇಳಿಸಿದರೆ ಹೇಗೆ? ಮುಂದಿನ ನಿಲ್ದಾಣವಾದ ಸಂಶಿಯ ಶಾಲೆಯ ಮಕ್ಕಳೂ ಬಂದು ಕೂರಲಿ. ತಮ್ಮೂರ ಹೆಸರು ಹೊತ್ತವನ ಕಂಠ ಹೇಗಿತ್ತೆಂದು ಅವರಿಗೆ ತಿಳಿಯಲು ಮೂರು ನಿಮಿಷ ಸಾಕು.